ಒಂದೂ ತಪ್ಪು ಮಾಡದ ಚಿಪ್

ಪರದೆಯ ಮೇಲೆ ಸೊನ್ನೆ ಬಂದಾಗ ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವಿನುತಾ ಮಾತ್ರ ತಟ್ಟಲಿಲ್ಲ. ಕೇಳದಿದ್ದರೂ ಅಂಗಡಿಯವನು ಹೆಚ್ಚಿಗೆ ತೂಗಿ ಕೊಟ್ಟಾಗ ಅನುಮಾನ ಪಡುವವಳ ಹಾಗೆ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಆ ಸೊನ್ನೆಯನ್ನೇ ದಿಟ್ಟಿಸಿದಳು.

"ಹನ್ನೆರಡು ನಿಮಿಷ ಬೀಮ್ ಕೊಟ್ಟಿದ್ದೀವಿ ಸರ್. ಒಂದೂ ತಪ್ಪು ಬಂದಿಲ್ಲ ಅಂದ್ರೆ ಏನರ್ಥ?"

"ಚಿಪ್ ಗಟ್ಟಿಯಾಗಿದೆ ಅಂತರ್ಥ," ಎಂದರು ವಿಭಾಗದ ಮುಖ್ಯಸ್ಥ ಇನಾಯತ್.

"ಇಲ್ಲಾಂದ್ರೆ ನಾವು ಸರಿಯಾಗಿ ಅಳೆದಿಲ್ಲ ಅಂತರ್ಥ."

"ಶುರುವಾಯ್ತಪ್ಪಾ ಇವಳದ್ದು!" ಎಂದು ಇನಾಯತ್ ಹಣೆ ಚಚ್ಚಿಕೊಂಡರು. ಆದರೆ ಎದ್ದು ಹೋಗಲಿಲ್ಲ. ಅವಳ ಅನುಮಾನಕ್ಕೆ ಹತ್ತರಲ್ಲಿ ಆರು ಸಲವಾದರೂ ಬೆಲೆ ಇರುತ್ತದೆಂದು ಅವರಿಗೆ ಗೊತ್ತಿತ್ತು.

ಅರಸೀಕೆರೆಯ ಹೊರಗೆ, ತೆಂಗಿನ ತೋಟಗಳು ಮುಗಿದು ಬೋಳುಗುಡ್ಡ ಶುರುವಾಗುವಲ್ಲಿ, ನೆಲದೊಳಗೆ ಅರ್ಧ ಹೂತ ಹಾಗೆ ಒಂದು ಕಾಂಕ್ರೀಟ್ ಕಟ್ಟಡವಿದೆ. ಅದೇ ಕಣವೇಗವರ್ಧಕ ಕೇಂದ್ರ. ಊರಿನವರ ಬಾಯಲ್ಲಿ ಅದು 'ಬೀಮ್ ಆಫೀಸು'. ಒಳಗಿನ ಯಂತ್ರ ಹೈಡ್ರೋಜನ್ ಅನಿಲದಿಂದ ಪ್ರೋಟಾನುಗಳನ್ನು ಬೇರ್ಪಡಿಸಿ, ದೊಡ್ಡ ಅಯಸ್ಕಾಂತಗಳ ನಡುವೆ ಸುತ್ತು ಹೊಡೆಸಿ ಹೊಡೆಸಿ, ವೇಗ ಏರಿದ ಮೇಲೆ ಒಂದು ಕೊಳವೆಯಿಂದ ಹೊರಗೆ ಬಿಡುತ್ತದೆ; ಆ ಧಾರೆಯೇ ಬೀಮ್. ಆ ಕೊಳವೆಯ ಬಾಯಿಗೆ ಚಿಪ್ ಒಡ್ಡಬೇಕು. ಎಷ್ಟು ಏಟಿಗೆ ಎಷ್ಟು ತಪ್ಪು ಮಾಡುತ್ತದೆಂದು ಎಣಿಸಬೇಕು. ಇಪ್ಪತ್ತೆರಡು ವರ್ಷಗಳಿಂದ ವಿನುತಾ ಮಾಡುತ್ತಿದ್ದ ಕೆಲಸ ಇಷ್ಟೇ.

ಯಾಕೆ ಇದೆಲ್ಲ ಅಂದರೆ, ಆಕಾಶ ನಾವು ಅಂದುಕೊಂಡಷ್ಟು ಖಾಲಿಯಲ್ಲ. ಎಲ್ಲೋ ಸಿಡಿದ ನಕ್ಷತ್ರದ ಕಣಗಳು ಹಗಲೂ ರಾತ್ರಿ ನಮ್ಮ ಮೇಲೆ ಸುರಿಯುತ್ತಲೇ ಇರುತ್ತವೆ. ನಮಗೇನೂ ಗೊತ್ತಾಗುವುದಿಲ್ಲ. ಆದರೆ ಈಗಿನ ಚಿಪ್‌ಗಳ ಒಳಗಿನ ಮನೆಗಳು ಎಷ್ಟು ಸಣ್ಣವೆಂದರೆ, ಅಂಥ ಒಂದು ಕಣ ಹಾದುಹೋದರೆ ಸಾಕು, ಅಲ್ಲಿ ಒಂದು ಎಂದು ಬರೆದದ್ದು ಸೊನ್ನೆಯಾಗುತ್ತದೆ, ಸೊನ್ನೆ ಒಂದಾಗುತ್ತದೆ. ಹತ್ತು ವರ್ಷದಲ್ಲಿ ಬೀಳುವ ಏಟನ್ನು ಹತ್ತು ನಿಮಿಷದಲ್ಲಿ ಕೊಟ್ಟು ನೋಡುವ ಜಾಗವೇ ಬೀಮ್ ಆಫೀಸು.

ಅವತ್ತು ಕೊಳವೆಯ ಮುಂದಿದ್ದದ್ದು ಸಾಮಾನ್ಯ ಚಿಪ್ ಅಲ್ಲ. ನೆನಪಿನ ಬಿಲ್ಲೆಯದು. ಮೆದುಳಿಗೆ ಪೆಟ್ಟಾಗಿ ಹೊಸದೇನನ್ನೂ ನೆನಪಿಟ್ಟುಕೊಳ್ಳಲಾಗದವರ ಕಿವಿಯ ಹಿಂದೆ ಅಂಟಿಸುವ ಬಿಲ್ಲೆ. ದಿನವಿಡೀ ಕಂಡದ್ದು ಕೇಳಿದ್ದನ್ನು ಅದು ಒಳಗೆ ಬರೆದಿಡುತ್ತದೆ. ಬೇಕಾದಾಗ ಮೆದುಳಿನ ಸರಿಯಾದ ಜಾಗವನ್ನು ಮೆಲ್ಲಗೆ ತಟ್ಟುತ್ತದೆ. ತೊಟ್ಟವರಿಗೆ ಅದು ಸ್ವಂತ ನೆನಪಿನಂತೆಯೇ ಅನಿಸುತ್ತದೆ. ಅದರ ಚಿಪ್‌ಗೆ ಇನ್ನೊಂದು ವಿಶೇಷವಿತ್ತು: ಏಟು ಬಿದ್ದರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿತ್ತು. ದೇಶದಲ್ಲಿ ಅರವತ್ತನಾಲ್ಕು ಜನ ಅದನ್ನು ಪ್ರಯೋಗಕ್ಕೆಂದು ತೊಟ್ಟಿದ್ದರು. ಈ ಪರೀಕ್ಷೆ ಪಾಸಾದರೆ ಅವರಿಗೆ ಅದು ಜೀವನಪೂರ್ತಿ ಸಿಗುತ್ತಿತ್ತು.

ಆ ಅರವತ್ತನಾಲ್ವರಲ್ಲಿ ಒಬ್ಬ ವಿನುತಾಳ ಗಂಡ ಕಲ್ಲೇಶ.

"ನಿನ್ನ ಯಜಮಾನರ ಕಿವಿ ಹಿಂದೆ ಇರೋದು ಇದೇ ಚಿಪ್ಪಲ್ವೇನಮ್ಮಾ?" ಎಂದರು ಇನಾಯತ್, ದನಿ ತಗ್ಗಿಸಿ. "ಬೇರೆಯವ್ರಾಗಿದ್ರೆ ಸೊನ್ನೆ ನೋಡಿ ತೆಂಗಿನಕಾಯಿ ಒಡೀತಿದ್ರು."

"ಅದಕ್ಕೇ ಸರ್ ಭಯ."

ಅವಳು ಒಂದೊಂದಾಗಿ ಪರೀಕ್ಷಿಸಿದಳು. ಬೀಮ್ ನಿಜವಾಗಿ ಬಂದಿತ್ತೇ? ಚಿಪ್ಪಿನ ಬೆನ್ನಿಗೆ ಅಂಟಿಸಿದ್ದ ಫಿಲ್ಮು ನೀಟಾಗಿ ಕಪ್ಪಾಗಿತ್ತು, ಬಂದಿತ್ತು. ಎಣಿಸುವ ಪೆಟ್ಟಿಗೆ ಕೆಟ್ಟಿತ್ತೇ? ಅದೇ ಜಾಗದಲ್ಲಿ ಹಳೆಯ ಚಿಪ್ ಒಂದನ್ನು ಇಟ್ಟು ಅಷ್ಟೇ ಹೊತ್ತು ಬೀಮ್ ಕೊಟ್ಟಳು: ನಾನೂರ ಹನ್ನೆರಡು ತಪ್ಪು. ಪೆಟ್ಟಿಗೆ ಸರಿಯಾಗಿಯೇ ಇತ್ತು. ಮತ್ತೆ ಹೊಸ ಚಿಪ್ ಇಟ್ಟು ಏಟನ್ನು ನೂರು ಪಟ್ಟು ಏರಿಸಿದಳು. ಸೊನ್ನೆ! ಆದರೆ ಈ ಸಲ ಅವಳು ಚಿಪ್ ಕುಡಿಯುವ ವಿದ್ಯುತ್ತಿನ ಮೇಲೂ ಕಣ್ಣಿಟ್ಟಿದ್ದಳು. ಬೀಮ್ ಶುರುವಾದ ಕೂಡಲೇ ಅದು ದುಪ್ಪಟ್ಟಾಗಿತ್ತು.

"ನೋಡಿ ಸರ್, ಏನೋ ಒದ್ದಾಡ್ತಿದೆ. ಏಟು ತಿಂತಿದೆ, ರಿಪೇರಿ ಮಾಡ್ಕೊತಿದೆ."

"ಒಳ್ಳೇದೇ ಅಲ್ವಾ?"

"ಇಷ್ಟು ಏಟಿಗೆ ಒಳಗೆ ಬರೆದಿದ್ದೆಲ್ಲ ಚಿಂದಿಯಾಗಿರಬೇಕು. ಪುಸ್ತಕ ಹರಿದುಹೋದ್ಮೇಲೂ ಪಾಠ ಒಪ್ಪಿಸ್ತಿದೆ ಅಂದ್ರೆ, ಎಲ್ಲಿಂದ ನೋಡ್ಕೊಂಡು ಒಪ್ಪಿಸ್ತಿದೆ?"

ಇನಾಯತ್ ಗಡಿಯಾರ ನೋಡಿದರು. ಆ ದಿನದ ಶಿಫ್ಟು ಮುಗಿದಿತ್ತು.

ಮನೆಯಲ್ಲಿ ನಾದಿನಿ ದಾಕ್ಷಾಯಿಣಿ ಕಾಫಿ ಸೋಸುತ್ತಿದ್ದಳು. ವಿನುತಾಗೆ ಬೆಳಗಿನ ಶಿಫ್ಟು ಇದ್ದಾಗ ಎದುರು ಬೀದಿಯಿಂದ ಬಂದು ಅಣ್ಣನ ಜೊತೆಗಿರುವುದು ಅವಳ ಪಾಲಿನ ಕೆಲಸ. ಕಲ್ಲೇಶ ಸೋಫಾದಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ. ಮೂರು ವರ್ಷದ ಹಿಂದೆ ಮೆದುಳುಜ್ವರ ಬರುವ ತನಕ ಅವನು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಜ್ವರ ಬಿಟ್ಟ ಮೇಲೆ ಹಳೆಯದೆಲ್ಲ ಹಾಗೆಯೇ ಉಳಿಯಿತು. ಹೊಸದು ಮಾತ್ರ ಅರ್ಧ ಗಂಟೆಯೂ ನಿಲ್ಲಲಿಲ್ಲ. "ನಾನ್ಯಾಕೆ ಇವತ್ತು ಡ್ಯೂಟಿಗೆ ಹೋಗಿಲ್ಲ?" ಎಂದು ದಿನಕ್ಕೆ ಮೂವತ್ತು ಸಲ ಕೇಳುತ್ತಿದ್ದ. ಮೂವತ್ತು ಸಲವೂ ಉತ್ತರ ಕೇಳಿ ಮುಖ ಬಾಡಿಸಿಕೊಳ್ಳುತ್ತಿದ್ದ. ಅವನಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ವಿನುತಾ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ ದಿನಗಳಿಗೆ ಲೆಕ್ಕವಿರಲಿಲ್ಲ.

ಮೂರು ತಿಂಗಳ ಹಿಂದೆ ಬಿಲ್ಲೆ ಬಂತು. ಆ ಪ್ರಶ್ನೆ ನಿಂತೇ ಹೋಯಿತು. ಬೀದಿಯಲ್ಲಿ ಹುಡುಗರು 'ಬಿಲ್ಲೆ ಕಲ್ಲೇಶಣ್ಣ' ಎಂದು ಕೂಗಿದರೆ ಅವನು ಕಿವಿಯನ್ನು ಮುಂದಕ್ಕೆ ಮಡಚಿ ತೋರಿಸಿ ನಗುತ್ತಿದ್ದ. ಮನೆಗೆ ಮತ್ತೆ ಮನೆಯ ಕಳೆ ಬಂದಿತ್ತು.

"ಬೆಳಿಗ್ಗೆ ಏನ್ರೀ ತಿಂಡಿ ತಿಂದ್ರಿ?" ಎಂದು ವಿನುತಾ ಚಪ್ಪಲಿ ಬಿಡುತ್ತಾ ಕೇಳಿದಳು. ಬಿಲ್ಲೆ ಬಂದಾಗಿನಿಂದ ಈ ಪ್ರಶ್ನೆ ಕೇಳುವುದೇ ಅವಳಿಗೊಂದು ಖುಷಿ.

"ಮಂಗಳವಾರ ಅಲ್ವಾ, ಅಕ್ಕಿರೊಟ್ಟಿ. ಹುಚ್ಚೆಳ್ಳು ಚಟ್ನಿ," ಎಂದ ಕಲ್ಲೇಶ, ಪೇಪರಿನಿಂದ ಕಣ್ಣೆತ್ತದೆ.

"ಅಯ್ಯೋ ಅಣ್ಣಾ!" ಎಂದು ಅಡುಗೆಮನೆಯಿಂದ ದಾಕ್ಷಾಯಿಣಿ ನಕ್ಕಳು. "ಗ್ಯಾಸ್ ಮುಗಿದಿತ್ತು ಅಂತ ನಮ್ಮನೆಯಿಂದ ಒತ್ತುಶಾವಿಗೆ ತಂದುಕೊಟ್ಟಿರ್ಲಿಲ್ವಾ? ಕಾಯಿಹಾಲು ಸಾಲ್ದು ಅಂತ ಮತ್ತೆ ಕೇಳಿ ಹಾಕಿಸ್ಕೊಂಡ್ಯಲ್ಲೋ!"

"ರೊಟ್ಟಿನೇ ಕಣೇ ತಿಂದಿದ್ದು. ನಂಗೆ ಗೊತ್ತಿಲ್ವಾ? ಚಟ್ನಿ ಸ್ವಲ್ಪ ಖಾರ ಆಗಿತ್ತು."

ವಿನುತಾಳ ಕೈ ಚಪ್ಪಲಿಯ ಮೇಲೆಯೇ ನಿಂತಿತು. ಮರೆತವನು ಹೀಗೆ ಮಾತಾಡುವುದಿಲ್ಲ. ಮರೆತವನು ತಡವರಿಸುತ್ತಾನೆ, ತಲೆ ಕೆರೆದುಕೊಳ್ಳುತ್ತಾನೆ. ಇವನು ತಿನ್ನದ ರೊಟ್ಟಿಯ ಚಟ್ನಿಗೆ ಖಾರ ಹೆಚ್ಚಾಗಿತ್ತು ಎನ್ನುತ್ತಿದ್ದ.

ಅವಳು ಬಂದು ಅವನ ಪಕ್ಕ ಕುಳಿತಳು. ಕೇಳಬಾರದು ಅನಿಸಿದರೂ ಕೇಳಿದಳು. "ರೀ, ಹೋದ ತಿಂಗಳು ಎರಡನೇ ಭಾನುವಾರ ಏನ್ಮಾಡಿದ್ವಿ?"

"ಭಾನುವಾರ ಏನ್ಮಾಡ್ತೀವಿ? ಮನೇಲೇ ಇದ್ವಿ. ಟೀವಿ ನೋಡ್ದೆ. ನೀನು ಬಟ್ಟೆ ಇಸ್ತ್ರಿ ಮಾಡ್ದೆ."

ಆ ಭಾನುವಾರ ಅವರಿಬ್ಬರೂ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿದ್ದರು. ಜ್ವರ ಬಂದ ಮೇಲೆ ಮೊದಲ ಸಲ ಅವನು ಊರ ಹೊರಗೆ ಕಾಲಿಟ್ಟಿದ್ದ. ಮೇಲೆ ಗಾಳಿಗೆ ಅವಳ ಛತ್ರಿ ಹಾರಿ ಕೆಳಗಿನ ಬಂಡೆಗೆ ಸಿಕ್ಕಿಕೊಂಡಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಇಳಿಯುವಾಗ ಅವಳ ಕೈ ಹಿಡಿದು, "ಇವತ್ತಿನ ದಿನ ಮಾತ್ರ ನಾನು ಮರೆಯಲ್ಲ ನೋಡು" ಎಂದಿದ್ದ. ಮರುದಿನವೂ ಛತ್ರಿಯ ವಿಷಯ ತೆಗೆದು ನಕ್ಕಿದ್ದ. ಈಗ ಆ ದಿನದ ಮೇಲೆ ಯಾರೋ ಇಸ್ತ್ರಿ ಪೆಟ್ಟಿಗೆ ಎಳೆದು ಸಪಾಟು ಮಾಡಿದ್ದರು. ಆದರೂ, ಅವಳಿಗೇ ನಾಚಿಕೆಯಾಗುವಂತೆ, ವಿನುತಾಳ ತಲೆಯೊಳಗೆ ಕುತೂಹಲದ ದೀಪವೊಂದು ಹತ್ತಿಕೊಂಡಿತು. ಎಲ್ಲಿಂದ ನೋಡಿಕೊಂಡು ಒಪ್ಪಿಸುತ್ತಿದೆ ಎಂಬ ಬೆಳಗಿನ ಪ್ರಶ್ನೆಗೆ ಉತ್ತರ ಪಕ್ಕದಲ್ಲೇ ಕುಳಿತು ಪೇಪರು ಮಡಚುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಕಂಟ್ರೋಲ್ ರೂಮಿಗೆ ಹೆಚ್ಚುಕಡಿಮೆ ಓಡಿಯೇ ಬಂದಳು.

"ಸರ್, ನಾವು ಚಿಪ್ಪಿನೊಳಗೆ ಏನು ಬರೆದು ಪರೀಕ್ಷೆ ಮಾಡ್ತೀವಿ?"

"ಇದೇನು ಪ್ರಶ್ನೆ? ಮಾಮೂಲಿ. ಒಂದು, ಸೊನ್ನೆ, ಒಂದು, ಸೊನ್ನೆ."

"ಯಾಕೆ ಅದೇ?"

ಇನಾಯತ್ ನಗಲು ಹೋಗಿ ನಿಲ್ಲಿಸಿದರು. ಯಾಕೆ ಅಂದರೆ, ಮೊದಲಿನಿಂದಲೂ ಅದೇ. ಚದುರಂಗದ ಮಣೆಯಂತೆ ಒಂದು ಬಿಳಿ ಒಂದು ಕಪ್ಪು. ಹಳೆಯ ಚಿಪ್‌ಗಳ ಜೊತೆ ಹೋಲಿಸಬೇಕಾದರೆ ಎಲ್ಲಕ್ಕೂ ಒಂದೇ ನಮೂನೆ ಬೇಕು ಎಂದು ಈ ಕೆಲಸ ಶುರು ಮಾಡಿದ ಹಿರಿಯರು ಗೊತ್ತು ಮಾಡಿದ್ದರು. ಅದು ನಿಯಮದ ಪುಸ್ತಕಕ್ಕೂ ಸೇರಿತ್ತು. ಚಿಪ್ಪುಗಳೆಲ್ಲ ಕಲ್ಲಿನಂತೆ ದಡ್ಡವಾಗಿದ್ದ ಕಾಲದಲ್ಲಿ ಅದರಿಂದ ಯಾವ ತೊಂದರೆಯೂ ಇರಲಿಲ್ಲ.

"ಇದು ದಡ್ಡ ಅಲ್ಲ ಸರ್. ತನ್ನೊಳಗೆ ಏನಿರತ್ತೆ ಅಂತ ಗಮನಿಸಿ, ರೂಢಿ ಕಲಿಯತ್ತೆ. ಏಟು ಬಿದ್ದಾಗ ಆ ರೂಢಿ ಪ್ರಕಾರ ತುಂಬಿಕೊಳ್ಳತ್ತೆ. ನಾವು ಎಲ್ಲರಿಗೂ ಗೊತ್ತಿರೋ ಪ್ರಶ್ನೆಪತ್ರಿಕೆ ಕೊಟ್ಟು, ನೂರಕ್ಕೆ ನೂರು ಬಂತು ಅಂತ ಚಪ್ಪಾಳೆ ಹೊಡೆದ್ವಿ."

"ಮತ್ತೇನು ಬರೀತೀಯ?"

ಊಹಿಸಲಾಗದ್ದು ಬೇಕಿತ್ತು. ಮನುಷ್ಯರು ಎಷ್ಟೇ ಯೋಚಿಸಿ ಬರೆದರೂ ಅದರಲ್ಲೊಂದು ಚಾಳಿ ಇರುತ್ತದೆ. ವಿನುತಾ ಗೋಡೆಗೆ ನೇತುಹಾಕಿದ್ದ ವಿಕಿರಣ ಮಾಪಕವನ್ನು ಇಳಿಸಿಕೊಂಡಳು. ಬೀಮ್ ನಿಂತಿದ್ದಾಗಲೂ ಅದು ಸುತ್ತಲಿನ ಕಲ್ಲಿನ, ಗಾಳಿಯ ಕಣಗಳಿಗೆ ಟಕ್, ಟಕ್‌ಟಕ್ ಎನ್ನುತ್ತಲೇ ಇರುತ್ತದೆ. ಮುಂದಿನ ಟಕ್ ಯಾವಾಗ ಬರುತ್ತದೆಂದು ಹೇಳಲು ಬ್ರಹ್ಮನಿಂದಲೂ ಆಗದು. ಎರಡು ಟಕ್ಕುಗಳ ನಡುವಿನ ಹೊತ್ತನ್ನೇ ಒಂದು, ಸೊನ್ನೆಗಳಾಗಿ ಬದಲಿಸಿ ಚಿಪ್ಪಿನ ಅರ್ಧ ಭಾಗಕ್ಕೆ ತುಂಬಿದಳು. ಉಳಿದರ್ಧಕ್ಕೆ ಮಾಮೂಲಿ ಚದುರಂಗದ ಮಣೆ.

ಗಂಟೆ ಮೊಳಗಿತು, ಕೆಂಪು ದೀಪ ಹತ್ತಿತು, ಎರಡು ಮೀಟರ್ ದಪ್ಪದ ಬಾಗಿಲು ಉರುಳಿ ಮುಚ್ಚಿಕೊಂಡಿತು. ಐದು ನಿಮಿಷದ ಬೀಮ್. ಪರದೆಯ ಎಡಗಡೆ, ಮಣೆಯ ಅರ್ಧದಲ್ಲಿ, ಸೊನ್ನೆ. ಬಲಗಡೆ ಅಂಕಿ ಏರುತ್ತಾ ಏರುತ್ತಾ ಹನ್ನೊಂದು ಸಾವಿರ ದಾಟಿತು. ಟಕ್ಕುಗಳಿದ್ದ ಜಾಗದಲ್ಲೆಲ್ಲ ಒಂದು, ಸೊನ್ನೆ, ಒಂದು, ಸೊನ್ನೆ ಹರಡಿಕೊಳ್ಳುತ್ತಿತ್ತು.

"ಯಾ ಅಲ್ಲಾಹ್," ಎಂದರು ಇನಾಯತ್. ಅವರ ಕಣ್ಣಲ್ಲೂ ಈಗ ಹುಡುಗನ ಕುತೂಹಲವಿತ್ತು. "ಬೀಮ್ ಇಲ್ದೇ ಒಂದು ಗಂಟೆ ಸುಮ್ನೆ ಇಟ್ಟು ನೋಡೋಣ."

ಇಟ್ಟರು. ಕ್ಯಾಂಟೀನಿನಿಂದ ತರಿಸಿದ ಟೀ ತಣ್ಣಗಾಯಿತು. ಗಂಟೆ ಕಳೆದು ಓದಿದಾಗ, ಯಾವ ಏಟೂ ಬೀಳದೆಯೇ ಮೂವತ್ತೊಂದು ಕಡೆ ಅಂಕಿ ಬದಲಾಗಿತ್ತು.

ಹಾಗಾದರೆ ವಿಷಯ ಇದು. ರಿಪೇರಿ ಮಾಡಲು ಕಲಿತ ಚಿಪ್, ರೂಢಿಗೆ ಹೊಂದದ್ದನ್ನೆಲ್ಲ ಗಾಯವೆಂದು ತಿಳಿಯುತ್ತಿತ್ತು. ದಿನವೂ ನಡೆಯುವುದು ಅದಕ್ಕೆ ಆರೋಗ್ಯ. ಎಂದೋ ಒಮ್ಮೆ ನಡೆದದ್ದು ಕಾಯಿಲೆ. ಮೆಲ್ಲಗೆ, ಪ್ರೀತಿಯಿಂದಲೇ ಅನ್ನುವ ಹಾಗೆ, ಅದು ಆ ಕಾಯಿಲೆಯನ್ನು ವಾಸಿ ಮಾಡುತ್ತಿತ್ತು. ಮಂಗಳವಾರದ ಶಾವಿಗೆ ವಾಸಿಯಾಗಿತ್ತು. ಬೆಟ್ಟದ ಭಾನುವಾರವೂ ವಾಸಿಯಾಗಿತ್ತು.

ಮನೆಯಲ್ಲಿ ನಡೆದದ್ದನ್ನೂ ಅವಳು ಹೇಳಿದಳು. ಇನಾಯತ್ ಕನ್ನಡಕ ತೆಗೆದು ಒರೆಸಿದರು. "ನೋಡಮ್ಮಾ, ನಿಯಮದ ಪುಸ್ತಕ ಕೇಳೋದು ಮಣೆ ನಮೂನೆ ಒಂದೇ. ಅದರಲ್ಲಿ ಸೊನ್ನೆ ಬಂದಿದೆ. ನಾವು ಪಾಸ್ ಅಂತ ಬರೆದ್ರೆ ಯಾರೂ ನಮ್ಮನ್ನ ಕೇಳಲ್ಲ. ಫೇಲ್ ಅಂತ ಬರೆದ್ರೆ ಅರವತ್ತನಾಲ್ಕು ಬಿಲ್ಲೆನೂ ವಾಪಸ್ ತಗೋತಾರೆ. ಹೊಸದು ಮಾಡೋಕೆ ಐದು ವರ್ಷನೋ, ಆರು ವರ್ಷನೋ."

"ಗೊತ್ತು ಸರ್."

"ಬರೀ ಲ್ಯಾಬಿನ ಅಂಕಿ ಕೊಟ್ರೆ, ನಿಮ್ಮ ನಮೂನೆ ನಿಯಮದಲ್ಲಿಲ್ಲ ಅಂತ ತಳ್ಳಿಹಾಕ್ತಾರೆ. ಮನೇಲಿ ಆಗಿದ್ದನ್ನ ಸೇರಿಸ್ಬೇಕು. ಅದಕ್ಕೆ ಕಲ್ಲೇಶ್ ಅವ್ರ ಸಹಿ ಬೇಕು." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಸೋಮವಾರದ ತನಕ ಟೈಮಿದೆ. ನೀನು ಏನು ಬರೆದ್ರೂ ನಾನು ಜೊತೆಗೆ ಸಹಿ ಹಾಕ್ತೀನಿ. ಇದನ್ನ ನಾನು ನಿರ್ಧಾರ ಮಾಡಲ್ಲ."

ದಾರಿಯುದ್ದಕ್ಕೂ ವಿನುತಾ ತನ್ನೊಡನೆ ಜಗಳವಾಡಿದಳು. ರೊಟ್ಟಿಯೋ ಶಾವಿಗೆಯೋ, ಏನು ಮುಳುಗಿಹೋಯಿತು? ಮನುಷ್ಯ ನಗುನಗುತ್ತಾ ಇದ್ದಾನೆ. ಛತ್ರಿ ಹಾರಿದ್ದು ತನ್ನೊಬ್ಬಳಿಗೆ ನೆನಪಿದ್ದರೆ ಸಾಲದೇ? ಮತ್ತೆ ದಿನಕ್ಕೆ ಮೂವತ್ತು ಸಲ ಆ ಬಾಡಿದ ಮುಖ ನೋಡುವ ತಾಕತ್ತು ತನಗಿದೆಯೇ? ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ರಜೆ ಹಾಕಿದಳು. ತಿಂಡಿಯಾದ ಮೇಲೆ ಅವನ ಕಿವಿಯ ಹಿಂದಿನಿಂದ ಬಿಲ್ಲೆಯನ್ನು ಮೆಲ್ಲಗೆ ಬಿಡಿಸಿದಳು. ಬಿಲ್ಲೆ ಇದ್ದರೆ ಉತ್ತರ ಯಾರದ್ದೆಂದು ತಿಳಿಯುವುದು ಹೇಗೆ? ಸ್ವಲ್ಪ ಹೊತ್ತು ಬಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದಳು. ಜ್ವರ, ಬಿಲ್ಲೆ, ಚಿಪ್, ಬೆಟ್ಟ, ಪಾಸೋ ಫೇಲೋ ಎಂದು ಬರೆಯಬೇಕಾದ ವರದಿ, ಅದಕ್ಕೆ ಬೇಕಾದ ಅವನ ಸಹಿ. ಅವನು ಮುಂಚಿನಂತೆಯೇ ಮುಖ ಬಾಡಿಸಿಕೊಂಡು ಕೇಳಿಸಿಕೊಂಡ. ಆಮೇಲೆ ಚುರುಕಾದ.

"ಅಂದ್ರೆ, ನಂಗೆ ನೆನಪಿದೆ ಅಂತ ನಾನು ಹೇಳೋದು ನಿಜವೋ ಸುಳ್ಳೋ ನಂಗೇ ಗೊತ್ತಾಗಲ್ವಾ?"

"ಗೊತ್ತಾಗಲ್ಲ ರೀ."

"ಬಸ್ ಬಂದಿಲ್ಲ ಅಂದ್ರೆ ಬಂದಿಲ್ಲ ಅಂತಾನೇ ಮೈಕಲ್ಲಿ ಹೇಳ್ಬೇಕು ವಿನು. ದಿನಾ ಬರತ್ತೆ ಅಂತ ಇವತ್ತೂ ಬಂತು ಅಂದ್ಬಿಟ್ರೆ ಜನ ಲಗೇಜು ಹೊತ್ಕೊಂಡು ಎಲ್ಲಿಗೆ ಹೋಗ್ತಾರೆ? ಫೇಲ್ ಅಂತ ಬರಿ."

ಒಂದೇ ಸಲದ ಅಳತೆಯನ್ನು ನಂಬಿ ಗೊತ್ತಿಲ್ಲದವಳು ವಿನುತಾ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಬೇರೆ ಉತ್ತರ ಬೇಕಿತ್ತು. ಬಿಲ್ಲೆಯನ್ನು ಡಬ್ಬಿಯಲ್ಲೇ ಬಿಟ್ಟು ಶುಕ್ರವಾರ ಮತ್ತೆ ಮೊದಲಿನಿಂದ ಹೇಳಿದಳು. ನಿನ್ನೆಯ ಮಾತಿನ ನೆರಳೂ ಅವನಲ್ಲಿರಲಿಲ್ಲ. ಈ ಸಲ ಅವನು ಮೊದಲು ಕೇಳಿದ್ದು ಅವಳ ಬಗ್ಗೆ.

"ನಿಂಗೆ ಕಷ್ಟ ಆಗತ್ತಲ್ವೇನೇ? ದಿನಾ ಮೂವತ್ತು ಸಲ ಕೇಳ್ತಿದ್ದೆ ಅಂತೀಯ."

"ಆಗತ್ತೆ," ಎಂದಳು ವಿನುತಾ. ಸುಳ್ಳು ಹೇಳಲಾಗಲಿಲ್ಲ.

ಅವನ ಕಣ್ಣಲ್ಲಿ ನೀರು ನಿಂತಿತು. "ತಪ್ಪು ತಿಳ್ಕೋಬೇಡ. ಆದ್ರೂ ಫೇಲ್ ಅಂತಾನೇ ಬರಿ. ನನ್ನ ಥರ ಇನ್ನೂ ಅರವತ್ತಮೂರು ಜನ ಇದ್ದಾರಲ್ವಾ? ಅವ್ರ ಮನೇಲಿ ಹೇಳೋಕೆ ನಿನ್ನಂಥೋಳು ಇಲ್ವಲ್ಲ."

ಶನಿವಾರ ಅವಳು ಮೋಸ ಮಾಡಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ಅಳತೆಗೂ ಮಾಡದ ಮೋಸ. ಬಿಲ್ಲೆಯ ಒಳ್ಳೆಯದನ್ನಷ್ಟೇ ಹೇಳಿದಳು. ಆಗಾಗ ಸಣ್ಣಪುಟ್ಟ ವಿಷಯ ಅದಲುಬದಲಾಗಬಹುದು, ತಿಂಡಿ ಗಿಂಡಿ, ಅಷ್ಟೇ ಎಂದಳು. ಬೆಟ್ಟದ ಸುದ್ದಿಯನ್ನೇ ಎತ್ತಲಿಲ್ಲ. ಮಾತು ಮುಗಿಸಿ ಬೆರಳಿನ ಉಗುರು ನೋಡುತ್ತಾ ಕುಳಿತಳು.

ಕಲ್ಲೇಶ ಅವಳ ಮುಖವನ್ನೇ ನೋಡಿದ. ಮದುವೆಯಾಗಿ ಹತ್ತೊಂಬತ್ತು ವರ್ಷ. ಅದರಲ್ಲಿ ಹದಿನಾರು ಅವನ ಬಳಿ ಭದ್ರವಾಗಿದ್ದವು.

"ಏನೋ ಬಿಟ್ಟು ಹೇಳ್ತಿದ್ದೀಯ," ಎಂದ.

ವಿನುತಾ ಬಿಕ್ಕಿದಳು. ಬಿಕ್ಕುತ್ತಲೇ ಬೆಟ್ಟ, ಗಾಳಿ, ಛತ್ರಿ, ಅವನು ಕೈ ಹಿಡಿದು ಹೇಳಿದ ಮಾತು, ಎಲ್ಲವನ್ನೂ ಹೇಳಿದಳು. ಅವನು ಎದ್ದು ಒಂದು ಲೋಟ ನೀರು ತಂದುಕೊಟ್ಟ. ಅವಳು ಕುಡಿದು ಮುಗಿಸುವ ತನಕ ಕಾದ.

"ಫೇಲ್ ಅಂತ ಬರಿ," ಎಂದ. ಆಮೇಲೆ ಏನೋ ಹೊಳೆದವನಂತೆ, "ಇದನ್ನ ಮುಂಚೇನೂ ಕೇಳಿದ್ಯಾ ನನ್ನ?"

"ಹೂಂ. ಎರಡು ಸಲ. ಮೊನ್ನೆ ಒಂದ್ಸಲ, ನಿನ್ನೆ ಒಂದ್ಸಲ."

"ಆಗ ಬಿಲ್ಲೆ ಹಾಕ್ಕೊಂಡಿದ್ನಾ ನಾನು?"

"ಇಲ್ಲ."

"ನಾನೇನಂದೆ?"

"ಇದನ್ನೇ ಅಂದ್ರಿ."

"ಎರಡು ಸಲಾನೂ?"

"ಎರಡು ಸಲಾನೂ."

ಕಲ್ಲೇಶ ಉಸಿರು ಬಿಟ್ಟ. ಮೂರು ವರ್ಷದಲ್ಲಿ ಅವನ ಮುಖದಲ್ಲಿ ಅಷ್ಟು ನಿರಾಳವನ್ನು ವಿನುತಾ ಕಂಡಿರಲಿಲ್ಲ.

"ಸದ್ಯ," ಎಂದ ಅವನು. "ಹಾಗಾದ್ರೆ ನಾನು ಇದ್ದೀನಿ. ಎಲ್ಲಿ, ಪೆನ್ನು ಕೊಡು."